ಗಂಜಿ ಬೇಯುವ ಹೊತ್ತಿನ ಓದು

"ಓದಲು ಪುರುಸೊತ್ತೆಲ್ಲಿ?" ಎನ್ನುತ್ತೀರಾ ಸೋದರಿ? ಕೋಟದ ನಮ್ಮ ಮನೆಯಲ್ಲೂ ಬೆಳಗಾದರೆ ಮಕ್ಕಳ ಬುತ್ತಿ, ದನದ ಕೆಲಸ, ಮಾವನವರ ಮದ್ದು. ಆದರೆ ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ ಬೇಕಲ್ಲ, ಅದು ನನ್ನದು! ನಮ್ಮೂರಲ್ಲೇ ಹುಟ್ಟಿದ ಶಿವರಾಮ ಕಾರಂತರ, 1977ರ ಜ್ಞಾನಪೀಠ ಪಡೆದ 'ಮೂಕಜ್ಜಿಯ ಕನಸುಗಳು' ಓದಿ ಮುಗಿಸಿದ್ದು ಒಲೆಯ ಮುಂದೆಯೇ.

ಒಮ್ಮೆ ಗಂಜಿ ತಳ ಹಿಡಿಯಿತು. "ಪುಸ್ತಕ ಓದಿರೆ ಹೊಟ್ಟಿ ತುಂಬತ್ತಾ?" ಎಂದು ಅತ್ತೆ ಗದರಿದರು. ಬೇಸರದಿಂದ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟೆ. ಆದರೆ ಹೆಚ್ಚು ಶಾಲೆ ಕಲಿಯದ ಗೃಹಿಣಿ ಎಂ. ಕೆ. ಇಂದಿರಾ ನಲವತ್ತೈದರ ಆಸುಪಾಸಿನಲ್ಲಿ ಕಾದಂಬರಿ ಬರೆಯತೊಡಗಿದರಂತೆ. ನಾನು ಓದಲೂ ಹೆದರಬೇಕೇ?

ಈಗ ಗಟ್ಟಿಯಾಗಿ ಓದುತ್ತೇನೆ. "ಮುಂದೆ ಎಂತ ಆಯ್ತ್ ಹೆಣೆ?" ಎನ್ನುವವರು ಅತ್ತೆ, ಗಂಜಿ ಕಲಕುವವರೂ ಅವರೇ!