ಗೆಳೆಯನ ಮನೆಯ ಉಪ್ಪು

ಕ್ಯಾಲೆಂಡರಿನ ಕೆಂಪು ಅಂಕಿಯೊಂದು ಶುಕ್ರವಾರಕ್ಕೋ ಸೋಮವಾರಕ್ಕೋ ಬಂದು ಕುಳಿತರೆ ಸಾಕು, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮ ಮನೆಗಳಲ್ಲಿ ಮಂಗಳೂರಿನ ಮಾತು ಏಳುತ್ತದೆ. ಹಾಸನದಿಂದ ಅಲ್ಲಿಗೆ ಸುಮಾರು 170 ಕಿಲೋಮೀಟರು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಬಹುದು. ಮೂರು ದಿನಗಳ ರಜೆಗೆ ಹೇಳಿ ಮಾಡಿಸಿದಂತಹ ದೂರ. ಮಕ್ಕಳಿಗೆ ಕಡಲು ಬೇಕು, ಹಿರಿಯರಿಗೆ ಮೀನಿನ ಊಟ ಬೇಕು. ಉಳಿದುಕೊಳ್ಳುವುದೆಲ್ಲಿ ಎಂಬ ಪ್ರಶ್ನೆ ಬಂದಾಗ ಮಾತ್ರ ಯಾರಾದರೊಬ್ಬರು, ‘ನಮ್ಮ ಹಳೆಯ ಸ್ನೇಹಿತರಿದ್ದಾರಲ್ಲ!’ ಎಂದು ನೆನಪಿಸುತ್ತಾರೆ. ಕಡಲು ಮೊದಲು, ಮೀನು ಆಮೇಲೆ, ಸ್ನೇಹಿತರು ಕೊನೆಗೆ. ಈ ಕ್ರಮವನ್ನು ತಿರುಗಿಸಿಟ್ಟರೆ ಆ ಮೂರು ದಿನಗಳು ಹೇಗಿದ್ದಾವು? ಈ ವಾರ ಅದನ್ನೇ ಚಿಂತಿಸೋಣ.

ಘಟ್ಟದ ಮೇಲಿನವರಾದ ನಮಗೆ ಕರಾವಳಿಯಲ್ಲಿ ಸ್ನೇಹಿತರು ದೊರೆತದ್ದು ಆಕಸ್ಮಿಕವೇನಲ್ಲ. ಕರಾವಳಿಯು ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕೂ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕೂ ಹುಟ್ಟಿದವು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಅವುಗಳನ್ನು ಹಿಂಬಾಲಿಸಿದವು. ಇಂತಹ ಬ್ಯಾಂಕುಗಳು ಬೆಳೆದು ಘಟ್ಟ ಹತ್ತಿದಾಗ ಅವುಗಳೊಡನೆ ವ್ಯವಸ್ಥಾಪಕರು, ಗುಮಾಸ್ತರು, ಅವರ ಕುಟುಂಬಗಳು ಬಂದವು. ಅದೇ ದಾರಿಯಲ್ಲಿ ಶಿಕ್ಷಕಿಯರು, ದಾದಿಯರು, ಕನ್ಯಾಸ್ತ್ರೀಯರು ಬಂದರು. ನಮ್ಮ ಬೀದಿಗಳಲ್ಲಿ ಬಾಡಿಗೆ ಮನೆ ಹಿಡಿದರು, ನಮ್ಮ ದೇವಾಲಯಗಳ ಗಾಯನವೃಂದಗಳಲ್ಲಿ ಹಾಡಿದರು, ಮುದ್ದೆಯನ್ನು ಅಗಿಯದೆ ನುಂಗುವ ವಿದ್ಯೆಯನ್ನು ನಗುತ್ತ ಕಲಿತರು. ನಿವೃತ್ತಿಯಾದ ಮೇಲೆ ಘಟ್ಟವಿಳಿದು ತಮ್ಮ ತೆಂಗಿನ ನೆರಳಿಗೆ ಮರಳಿದರು.

ಆ ಬ್ಯಾಂಕುಗಳಲ್ಲಿ ಮೂರರ ಹೆಸರು ಇಂದು ಫಲಕಗಳ ಮೇಲಿಲ್ಲ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಡನೆ ವಿಲೀನವಾಯಿತು; 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಬ್ಯಾಂಕಿನವರೇ ಕಲಿಸಿದ ಪಾಠವೊಂದಿದೆ: ಎರಡು ವರ್ಷ ವಹಿವಾಟು ನಡೆಯದ ಖಾತೆಯನ್ನು ನಿಷ್ಕ್ರಿಯ ಎಂದು ಗುರುತಿಸುತ್ತಾರೆ. ಹಣ ಎಲ್ಲಿಗೂ ಹೋಗಿರುವುದಿಲ್ಲ. ಆದರೆ ಖಾತೆದಾರನು ಬಂದು ತನ್ನ ಗುರುತನ್ನು ಮತ್ತೆ ಸಾಬೀತುಪಡಿಸಬೇಕಾಗುತ್ತದೆ. ಸ್ನೇಹದ ಖಾತೆಯೂ ಹಾಗೆಯೇ ಅಲ್ಲವೇ?

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಇದನ್ನು ಬಹಳ ಹಿಂದೆಯೇ ಕಂಡಿದ್ದನು. ಆತನ ನೀತಿಶಾಸ್ತ್ರದ ಹತ್ತು ಭಾಗಗಳಲ್ಲಿ ಎರಡು ಇಡಿಯಾಗಿ ಸ್ನೇಹಕ್ಕೆ ಮೀಸಲು. ಲಾಭಕ್ಕಾಗಿ ಬೆಳೆಸಿದ ಸ್ನೇಹ, ಸುಖಕ್ಕಾಗಿ ಬೆಳೆಸಿದ ಸ್ನೇಹ, ಒಬ್ಬರು ಮತ್ತೊಬ್ಬರ ಒಳಿತನ್ನೇ ಬಯಸುವ ಸ್ನೇಹ ಎಂದು ಆತ ಮೂರು ಬಗೆಯನ್ನು ಹೇಳುತ್ತಾನೆ. ದೂರವು ಸ್ನೇಹವನ್ನೇ ಕಡಿದುಹಾಕುವುದಿಲ್ಲ, ಅದರ ನಡೆನುಡಿಯನ್ನಷ್ಟೇ ತಡೆಯುತ್ತದೆ. ಅಗಲಿಕೆ ಬಹುಕಾಲ ನಿಂತರೆ ಮಾತ್ರ ಸ್ನೇಹವೂ ಮರೆವಿಗೆ ಸಂದೀತು ಎಂಬುದು ಆತನ ಎಚ್ಚರಿಕೆ. ಜೊತೆಯಾಗಿ ಉಪ್ಪು ತಿನ್ನದೆ ಜನರು ಒಬ್ಬರನ್ನೊಬ್ಬರು ಅರಿಯಲಾರರು ಎಂಬ ಗ್ರೀಕರ ಗಾದೆಯನ್ನೂ ಆತ ಅಲ್ಲಿ ನೆನೆಯುತ್ತಾನೆ. ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂದು ಬೆಳೆದ ನಮಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮಂಗಳೂರಿನ ದಾರಿಯೇ ಈ ಋಣವನ್ನು ನೆನಪಿಸುತ್ತದೆ. ಸಕಲೇಶಪುರದಲ್ಲಿ ನಾವು ದಾಟುವ ಹೇಮಾವತಿಯು ಪೂರ್ವಕ್ಕೆ ಹರಿದು, ಗೊರೂರು, ಹೊಳೆನರಸೀಪುರಗಳನ್ನು ಹಾಯ್ದು ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಕೆಲವೇ ಮೈಲಿ ಮುಂದೆ ಶಿರಾಡಿ ಘಾಟಿಯ ಹಳ್ಳಗಳು ಪಶ್ಚಿಮಕ್ಕೆ ಧುಮುಕುತ್ತವೆ. ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಕೂಡುತ್ತವೆ. ಆ ಎರಡು ನದಿಗಳ ಸಂಗಮದಲ್ಲಿರುವ ಊರಿನ ಹೆಸರು ಉಪ್ಪಿನಂಗಡಿ. ಅಕ್ಕಿ, ಕಾಫಿ, ಆಲೂಗೆಡ್ಡೆ ಬೆಳೆಯುವ ನಮ್ಮ ನೆಲದಲ್ಲಿ ಉಪ್ಪು ಬೆಳೆಯುವುದಿಲ್ಲ. ಅದು ಕಡಲ ಕಡೆಯಿಂದಲೇ ಬರಬೇಕು. ನಮ್ಮ ಅಜ್ಜಂದಿರ ಮನೆಯ ಮಾಡಿನ ಹೆಂಚಿಗೂ ‘ಮಂಗಳೂರು ಹೆಂಚು’ ಎಂದೇ ಹೆಸರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಅದು ಘಟ್ಟ ಹತ್ತಿತು. ಆ ನೆಲದ ಮಣ್ಣಿನ ಕೆಳಗೆ ಮಲಗಿ, ಆ ಕಡಲಿನ ಉಪ್ಪನ್ನುಂಡು ಬೆಳೆದವರು ನಾವು.

ಘಾಟಿಯ ದಾರಿಯು ಸುಲಭದ್ದಲ್ಲ. ಹಾಸನ–ಮಂಗಳೂರು ಮೀಟರ್‌ಗೇಜ್ ರೈಲು 1979ರಲ್ಲಿ ಆರಂಭವಾಯಿತು. ಹಳಿ ಬದಲಾವಣೆಗಾಗಿ 1996ರಲ್ಲಿ ನಿಂತದ್ದು, ಪ್ರಯಾಣಿಕರಿಗೆ ಮತ್ತೆ ತೆರೆದದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಮಳೆಗಾಲದಲ್ಲಿ ರಸ್ತೆಯೂ ಹಳಿಯೂ ಕುಸಿತಕ್ಕೆ ಅಂಜುತ್ತವೆ. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಜರಿದು ಶಿರಾಡಿಯ ಸಂಚಾರ ನಿಂತದ್ದನ್ನು ನಾವೆಲ್ಲ ಬಲ್ಲೆವು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುತ್ತದೆ, ಕಡಲೂ ಕೆರಳಿರುತ್ತದೆ. ಆದುದರಿಂದ ಮಳೆ ಹಿಂದೆಗೆದ ಮೇಲಿನ ರಜೆಯೇ ಮೇಲು.

ಆದರೆ ಹೋಗಿ ಮಾಡಬೇಕಾದುದೇನು? ಚನ್ನರಾಯಪಟ್ಟಣದ ಒಂದು ಕುಟುಂಬದವರು ನನ್ನೊಡನೆ ಹಂಚಿಕೊಂಡ ಅನುಭವವನ್ನು ಅವರ ಒಪ್ಪಿಗೆಯಿಂದಲೇ ಇಲ್ಲಿ ಹೇಳುತ್ತೇನೆ. ಅವರ ಮಕ್ಕಳು ಚಿಕ್ಕವರಿದ್ದಾಗ ಪಕ್ಕದ ಮನೆಯಲ್ಲಿ ಮಂಗಳೂರಿನ ಬ್ಯಾಂಕ್ ಅಧಿಕಾರಿಯೊಬ್ಬರ ಸಂಸಾರವಿತ್ತು. ಮಕ್ಕಳಿಗೆ ಅವರು ‘ಬ್ಯಾಂಕ್ ಮಾಮ’. ನಿವೃತ್ತರಾಗಿ ಊರಿಗೆ ಮರಳಿದ ಮೇಲೆ ಹಬ್ಬಕ್ಕೊಮ್ಮೆ ಫೋನು ಬರುತ್ತಿತ್ತು. ಅವರ ಪತ್ನಿ ತೀರಿಕೊಂಡಾಗ ಇವರು ಅಂತ್ಯಕ್ರಿಯೆಗೆ ಹೋಗಿ ಅಂದೇ ಮರಳಿದ್ದರು. ಆ ಬಳಿಕ ಕೇಳಿದಾಗಲೆಲ್ಲ ಒಂದೇ ಉತ್ತರ: ‘ನಾನು ಚೆನ್ನಾಗಿದ್ದೇನೆ ಮಾರಾಯ್ರೆ, ನೀವು ಹೇಗಿದ್ದೀರಿ?’

ಮೂರು ದಿನಗಳ ರಜೆಯೊಂದರಲ್ಲಿ ಇವರು ಅಲ್ಲಿಗೆ ಹೋದರು. ಹಳೆಯ ಪದ್ಧತಿಯಂತೆ ಬೆಲ್ಲ, ನೀರು ಕೊಟ್ಟು ಅವರು ಬರಮಾಡಿಕೊಂಡರು. ಅಡುಗೆಮನೆಗೆ ಕಾಲಿಟ್ಟೊಡನೆ ಇವರಿಗೆ ಎಲ್ಲವೂ ತಿಳಿಯಿತು. ಮೀನು ಸಾರಿನ ಮಣ್ಣಿನ ಗಡಿಗೆ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಬೆಳಗಿನ ಮಾತ್ರೆ, ರಾತ್ರಿಯ ಮಾತ್ರೆಗಳೆಲ್ಲ ಒಂದೇ ಡಬ್ಬಿಯಲ್ಲಿ ಬೆರೆತಿದ್ದವು. ಮಗ ಕೊಲ್ಲಿ ದೇಶದಲ್ಲಿ, ಮಗಳು ಕೆನಡಾದಲ್ಲಿ. ಮಹಡಿಯ ಕೋಣೆಗಳಿಗೆ ಬೀಗ. ಕಡಲ ತೀರಕ್ಕೆ ಹೊರಡಬೇಕಿದ್ದ ಆ ಸಂಜೆ ಈ ಗೃಹಿಣಿ ಊರಿನಿಂದ ಒಯ್ದಿದ್ದ ಹಿಟ್ಟಿನಿಂದ ಮುದ್ದೆ ಕಟ್ಟಿ, ಅವರೆಕಾಳಿನ ಸಾರು ಮಾಡಿದರು. ಊಟವಾದ ಮೇಲೆ ಆ ಹಿರಿಯರು ಪತ್ನಿಯ ಕೊನೆಯ ದಿನಗಳನ್ನು ಮೊದಲಬಾರಿಗೆ ಆದ್ಯಂತವಾಗಿ ಹೇಳಿದರು. ನಡುರಾತ್ರಿಯಾಯಿತು. ಯಾರೂ ಗಡಿಯಾರ ನೋಡಲಿಲ್ಲ. ಮರುದಿನ ಬೆಳಿಗ್ಗೆ ಮಗಳೊಡನೆ ಫೋನಿನಲ್ಲಿ ಮಾತನಾಡಿ, ಮಾತ್ರೆಗಳನ್ನು ಹೊತ್ತಿಗೆ ತಕ್ಕಂತೆ ಬೇರ್ಪಡಿಸಿ, ನೆರೆಮನೆಯವರಿಗೂ ತಿಳಿಸಿದರು. ದೇವಾಲಯದ ಪಕ್ಕದ ಸ್ಮಶಾನದಲ್ಲಿ ಸಮಾಧಿಯ ಮುಂದೆ ಹೂವಿಟ್ಟು ಪ್ರಾರ್ಥಿಸಿದರು. ಕಡಲನ್ನು ನೋಡಿದ್ದು ಅದರ ಬಳಿಕವೇ. ಆಗ ಬ್ಯಾಂಕ್ ಮಾಮನೂ ಜೊತೆಗಿದ್ದರು.

ಫೋನು ಧ್ವನಿಯನ್ನು ತರುತ್ತದೆ, ಈಗೀಗ ಮುಖವನ್ನೂ ತರುತ್ತದೆ. ಬೋರಲು ಬಿದ್ದ ಗಡಿಗೆಯನ್ನು ಅದು ತೋರಿಸುವುದಿಲ್ಲ. ‘ಚೆನ್ನಾಗಿದ್ದೇನೆ’ ಎಂಬ ಮಾತು ನಿಜವೋ ಮರ್ಯಾದೆಯ ಮಾತೋ ಎಂಬುದು ಹೊಸಿಲು ದಾಟಿದವರಿಗೆ ಮಾತ್ರ ತಿಳಿಯುತ್ತದೆ. ಒಂದು ರಾತ್ರಿಯ ಅತಿಥಿಗೆ ಮನೆಯವರು ಉಪಚಾರ ಮಾಡುತ್ತಾರೆ. ಎರಡನೆಯ ರಾತ್ರಿ ಮನಸ್ಸು ತೆರೆಯುತ್ತಾರೆ. ಮೂರು ದಿನಗಳ ರಜೆಯ ಬೆಲೆ ಆ ಎರಡನೆಯ ರಾತ್ರಿಯಲ್ಲಿದೆ.

ಹಾಗೆಂದು ಊರು ನೋಡಬಾರದೆಂದಲ್ಲ. ಸ್ನೇಹಿತನ ಕಣ್ಣಿನಿಂದ ನೋಡಬೇಕು. ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಪ್ರಾರ್ಥನಾಲಯಕ್ಕೆ ಅವರ ಜೊತೆ ಹೋಗಿ ಕುಳಿತುಕೊಳ್ಳಿ. ಇಟಲಿಯ ಯೇಸುಸಭೆಯ ಸಹೋದರ ಆಂಟೊನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ದುಡಿದು ಅದರ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. ತಾಯ್ನಾಡಿಗೆ ಮರಳದೆ 1905ರಲ್ಲಿ ಕೊಚ್ಚಿಯಲ್ಲಿ ಮಡಿದರು. ಅಲ್ಲಿ ಚಿತ್ರಿತರಾಗಿರುವ ಸಂತ ಅಲೋಶಿಯಸ್ ಗೊನ್ಸಾಗ, ರೋಮಿನಲ್ಲಿ ಸಾಂಕ್ರಾಮಿಕ ಪಿಡುಗಿನ ರೋಗಿಗಳ ಬಳಿಗೆ ಹೋಗಿ ಶುಶ್ರೂಷೆ ಮಾಡುತ್ತ, ತಾವೂ ರೋಗಕ್ಕೀಡಾಗಿ 1591ರಲ್ಲಿ ತಮ್ಮ 23ನೆಯ ವಯಸ್ಸಿನಲ್ಲಿ ತೀರಿಕೊಂಡವರು. ಸಂಜೆ ಸುಲ್ತಾನ್ ಬತ್ತೇರಿಯಿಂದ ದೋಣಿಯೇರಿ ಗುರುಪುರ ನದಿಯನ್ನು ದಾಟಿದರೆ ತಣ್ಣೀರುಬಾವಿಯ ಕಡಲ ತೀರ. ಮಕ್ಕಳನ್ನು ನೀರಿಗಿಳಿಸುವ ಮುನ್ನ ಅಲ್ಲಿನವರ ಮಾತು ಕೇಳಿ. ಕೆರೆಯಲ್ಲಿ ಈಜು ಕಲಿತವರಿಗೆ ಕಡಲಿನ ಸೆಳೆತ ತಿಳಿದಿರುವುದಿಲ್ಲ.

ಅತಿಥಿಗೂ ಒಂದು ಧರ್ಮವಿದೆ. ಮೊದಲೇ ತಿಳಿಸಿ ಹೋಗಬೇಕು. ವ್ಯಾನಿನ ತುಂಬ ನೆಂಟರನ್ನು ತುಂಬಿಕೊಂಡು ಹೋಗಿ ವೃದ್ಧ ದಂಪತಿಗಳ ಮನೆಯನ್ನು ಛತ್ರವಾಗಿಸಬಾರದು. ಬರಿಗೈಯಲ್ಲಿ ಹೋಗದೆ ರಾಗಿ ಹಿಟ್ಟು, ಕಾಫಿ ಪುಡಿ, ಕಾಲಕ್ಕೆ ತಕ್ಕ ಅವರೆಕಾಯಿ ಒಯ್ಯಬೇಕು. ನಮ್ಮೂರಿನಲ್ಲಿ ಬಾಳಿ ಹೋದವರಿಗೆ ಅದು ಪ್ರಸಾದಕ್ಕೆ ಸಮಾನ. ಅವರು ಬಡಿಸಿದ ಕುಚ್ಚಲಕ್ಕಿ ಅನ್ನವನ್ನು ಗೊಣಗದೆ ಉಣ್ಣಬೇಕು. ಭಾನುವಾರದ ಬಲಿಪೂಜೆ ಕೊಂಕಣಿಯಲ್ಲಿದ್ದರೂ ಅವರೊಡನೆಯೇ ಹೋಗಿ, ಅವರ ಪಕ್ಕದಲ್ಲಿ ಮೊಣಕಾಲೂರಬೇಕು.

ಮಾತೆ ಮರಿಯಳು ವೃದ್ಧಾಪ್ಯದಲ್ಲಿ ಗರ್ಭವತಿಯಾದ ಎಲಿಜಬೇತಳನ್ನು ಕಾಣಲು ಬೆಟ್ಟದ ಸೀಮೆಗೆ ಅವಸರದಿಂದ ಹೋದಳೆಂದು ಸಂತ ಲೂಕನು ಬರೆಯುತ್ತಾನೆ. ಹೋಗುವಾಗ ಅವಸರವಿತ್ತು, ಮರಳುವಾಗ ಇರಲಿಲ್ಲ. ಸುಮಾರು ಮೂರು ತಿಂಗಳು ಅಲ್ಲಿ ನಿಂತಳು. ನಮಗೆ ಮೂರು ತಿಂಗಳ ಬಿಡುವಿಲ್ಲ, ಮೂರು ದಿನಗಳಿವೆ. ಅಷ್ಟನ್ನಾದರೂ ಇಡಿಯಾಗಿ ಕೊಡಬಹುದು.

ಘಟ್ಟದ ದಾರಿಯು ಇಳಿಯಲು ಮಾತ್ರವಲ್ಲ, ಹತ್ತಲೂ ಇರುವಂತಹುದು. ಮೊಣಕಾಲು ಗಟ್ಟಿಯಿರುವವರನ್ನು ಒಮ್ಮೆ ಇಲ್ಲಿಗೂ ಕರೆಯಿರಿ. ತಾವು ಬಾಡಿಗೆಗಿದ್ದ ಬೀದಿಯನ್ನೂ ತಮ್ಮ ಮಕ್ಕಳು ಓದಿದ ಶಾಲೆಯನ್ನೂ ಅವರು ಮತ್ತೊಮ್ಮೆ ನೋಡಲಿ. ಬರಲಾರದವರ ಬಳಿಗೆ ನೀವೇ ಹೋಗಿ. ಕಡಲು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಿಯೇ ಇರುತ್ತದೆ. ಸ್ನೇಹಿತರಿಗೆ ಆಗಲೇ ಎಂಬತ್ತು.