ತವರಿಗೆ ಹೊರಟ ಗುಳಿಗಿ ಡಬ್ಬಿ

ಬೆಳಗಿನ ಹೊತ್ತು ಅಥಣಿ ರಸ್ತೆಯ ಬಸ್ಸುಗಳು ತಿಕೋಟಾ ಕಡೆಯಿಂದ ತುಂಬಿ ಬರುತ್ತವೆ. ದ್ರಾಕ್ಷಿ ತೋಟಗಳು, ತೊರವಿಯ ಮಹಿಳಾ ವಿಶ್ವವಿದ್ಯಾಲಯ ಹಿಂದೆ ಸರಿದು ವಿಜಯಪುರದ ಜಿಲ್ಲಾ ಆಸ್ಪತ್ರೆ ಬಂದರೆ ಬಸುರಿಯರು ಸೊಂಟ ಹಿಡಿದು ಇಳಿಯುತ್ತಾರೆ. ಕೈಯಲ್ಲಿ ತಾಯಿ ಕಾರ್ಡು, ಬೆನ್ನಿಗೆ ಅತ್ತೆಯೋ ಅವ್ವನೋ.

ರಕ್ತ ಪರೀಕ್ಷೆಗಳಲ್ಲಿ ಎಚ್‌ಐವಿಯದೂ ಒಂದು. ಸೋಂಕು ಕಂಡರೆ ಆಪ್ತ ಸಮಾಲೋಚಕಿಯ ಕೋಣೆಗೆ ಒಬ್ಬಳೇ ಹೋಗಬೇಕು. ಅವಳ ಒಪ್ಪಿಗೆಯಿಲ್ಲದೆ ವಿಷಯ ಹೊರಗೆ ಹೇಳುವಂತಿಲ್ಲ. 2017ರ ಎಚ್‌ಐವಿ ಕಾಯ್ದೆಯೇ ಹಾಗಿದೆ.

"ಕೂಸಿಗೆ ಎದಿ ಹಾಲು ಕುಡಸಬೌದೇನ್ರಿ ಅಕ್ಕಾರ?"

"ಕುಡಸವ್ವಾ. ಗುಳಿಗಿ ಮಾತ್ರ ಒಂದಿನಾನೂ ತಪ್ಪಸಬ್ಯಾಡ."

ಚಿಕಿತ್ಸೆಯೇ ಇಲ್ಲದಿದ್ದರೆ ಇಂಥ ತಾಯಂದಿರ ನೂರು ಕೂಸುಗಳಲ್ಲಿ 15ರಿಂದ 45ಕ್ಕೆ ಬಸುರಿನಲ್ಲೋ ಹೆರಿಗೆಯಲ್ಲೋ ಹಾಲಿನಲ್ಲೋ ಸೋಂಕು ತಗಲುತ್ತದೆ. ದಿನಕ್ಕೊಂದು ಗುಳಿಗೆ ತಪ್ಪದಿದ್ದರೆ ಆ ಲೆಕ್ಕ 5ಕ್ಕಿಂತ ಕೆಳಗಿಳಿಯುತ್ತದೆ.

ಕಷ್ಟ ಶುರುವಾಗುವುದು ಕುಬುಸ ಮುಗಿದು ತವರಿಗೆ ಹೊರಟಾಗ. ಎಷ್ಟೋ ತವರುಗಳು ಗಡಿಯಾಚೆ, ಜತ್ತ, ಮಿರಜ ಕಡೆಗೆ. ಚಿಕಿತ್ಸೆಯ ಚೀಟಿ ಅಲ್ಲಿನ ಆಸ್ಪತ್ರೆಗೆ ವರ್ಗವಾಗಬೇಕು. ಡಬ್ಬಿ ಸೀರೆಗಳ ನಡುವೆ ಅಡಗಿ ಹೋಗಬೇಕು. ಯಾರಾದರೂ ಕೇಳಿದರೆ "ಶಕ್ತಿ ಗುಳಿಗಿ". ಹೆರಿಗೆಯಾದೊಡನೆ ಕೂಸಿಗೆ ನೆವಿರಾಪಿನ್ ಸಿರಪ್, ಕನಿಷ್ಠ 6 ವಾರ. ಹಿರಿಯರು ಜೇನು, ಬೆಲ್ಲದ ನೀರು ನೆಕ್ಕಿಸಲು ಬಂದರೆ ಬಾಣಂತಿಯೇ ತಡೆಯಬೇಕು: 6 ತಿಂಗಳು ಬರಿ ಎದೆಹಾಲು. ಹಾಲಿನ ಜೊತೆ ಬೇರೇನಾದರೂ ಸೇರಿದರೆ ಎಳೆಗರುಳು ಕೆರಳಿ ವೈರಾಣುವಿಗೆ ದಾರಿಯಾಗುತ್ತದೆ. ಕಾರಣ ಹೇಳದೆ ಬೇಡವೆನ್ನುವ ಸೊಸೆಗೆ ಮನೆಯಲ್ಲಿ ಎಷ್ಟು ಬೆಲೆ?

6 ವಾರಕ್ಕೆ ಮತ್ತೆ ಆಸ್ಪತ್ರೆ. ಹಿಮ್ಮಡಿ ಚುಚ್ಚಿ ತೆಗೆದ ರಕ್ತದ ಹನಿಗಳು ಕಾಗದದ ಮೇಲೆ ಒಣಗಿ ಪ್ರಯೋಗಾಲಯಕ್ಕೆ ಹೋಗುತ್ತವೆ. ತಾಯಿಯ ಪ್ರತಿಕಾಯಗಳು ಕೂಸಿನ ಮೈಯಲ್ಲಿ ಬಹುಕಾಲ ಉಳಿಯುವುದರಿಂದ ಕೊನೆಯ ಮಾತು 18 ತಿಂಗಳಿಗೆ.

ಮೊದಲು ಹೆರಿಗೆ ನೋವಿನ ಹೊತ್ತಿಗೆ ಒಂದೇ ಗುಳಿಗೆ, ಕೂಸಿಗೊಂದಿಷ್ಟು ಸಿರಪ್; ಅಲ್ಲಿಗೆ ಬಹುಪಾಲು ತಾಯಂದಿರ ಚಿಕಿತ್ಸೆ ಮುಗಿಯುತ್ತಿತ್ತು. 2012ರಲ್ಲಿ ಕರ್ನಾಟಕ, ಆಂಧ್ರಗಳಲ್ಲಿ ಹಲವು ಔಷಧಗಳ ಕ್ರಮ ಬಂತು. 2014ರಿಂದ ದೇಶದೆಲ್ಲೆಡೆ ಬಸುರಿಗೆ ಜೀವನಪರ್ಯಂತ ಚಿಕಿತ್ಸೆ. ಕೂಸನ್ನು ಉಳಿಸುವ ನೆಪದಲ್ಲಾದರೂ ತಾಯಿ ಲೆಕ್ಕಕ್ಕೆ ಸೇರಿದಳು.

ಈ ಬದಲಾವಣೆ ತಾಯಂದಿರಿಗೇ ಬೇಗ ನಂಬಿಕೆಯಾಗುವುದಿಲ್ಲ. ಸೋಂಕಿಲ್ಲವೆಂಬ ವರದಿ ಕೇಳಿ ಕಣ್ಣೊರೆಸಿಕೊಂಡವಳು ಕೇಳುತ್ತಾಳೆ:

"ಕೂಸು ಆರಾಮ ಐತಲ್ರೀ, ಇನ್ನ ಗುಳಿಗಿ ಯಾಕ?"

"ಇದು ನಿನ್ನ ಸಲುವಾಗಿ, ತಂಗೀ."