ಬೇಳೆಸಾರಿನಿಂದ ಶುರುಮಾಡಿ

ಅಡುಗೆ ಕಲಿಯಬೇಕೆಂದವರಿಗೆ ನಾನು ಮೊದಲು ಹೇಳುವುದು ಬೇಳೆಸಾರು. ತೊಗರಿಬೇಳೆ, ಹುಣಸೆಹಣ್ಣು, ಸಾರಿನಪುಡಿ, ಉಪ್ಪು, ಚೂರು ಬೆಲ್ಲ, ಮೇಲೊಂದು ಒಗ್ಗರಣೆ. ಚಿಕ್ಕಂದಿನಿಂದ ಉಂಡ ರುಚಿಯಾದ್ದರಿಂದ ಎಲ್ಲಿ ಹದ ತಪ್ಪಿತೆಂದು ನಾಲಿಗೆಯೇ ಹೇಳುತ್ತದೆ. ದಿನಕ್ಕೊಂದು ಹೊಸ ತಿಂಡಿಯ ಬೆನ್ನು ಹತ್ತಿದವರು ಬೇಗ ದಣಿಯುತ್ತಾರೆ. ಇದೊಂದನ್ನೇ ಮತ್ತೆ ಮತ್ತೆ ಮಾಡಿದವರಿಗೆ ಒಲೆಯ ಮುಂದೆ ನಿಲ್ಲುವ ಆಸೆ ಹತ್ತುತ್ತದೆ.

ಹೊಸಬರು ಎಡವುವುದು ಬೇಳೆಯಲ್ಲೇ. ಅದು ಬೇಯುವ ಮೊದಲು ಹುಣಸೆರಸ ಸುರಿದರೆ ಎಷ್ಟು ಕುದಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಬೇಳೆಯ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಹುಳಿಯಲ್ಲಿ ಸುಲಭಕ್ಕೆ ಕರಗದು. ಬೇಳೆ ಬೆಂದ ಮೇಲೆ ಹುಳಿ ಹಾಕು ಎಂದು ಮನೆಯ ಹಿರಿಯರು ಹೇಳುವುದರ ಹಿಂದಿನ ಕಾರಣ ಇದು. ಕುಕ್ಕರಿನಲ್ಲಾದರೆ ಒತ್ತಡದಿಂದಾಗಿ ನೀರಿನ ಬಿಸಿ 100 ಡಿಗ್ರಿ ದಾಟಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ, ಬೇಳೆ ಬೇಗ ಮೆತ್ತಗಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಗ್ಗರಣೆ. ಎಣ್ಣೆ ಚೆನ್ನಾಗಿ ಕಾಯದೆ ಸಾಸಿವೆ ಸಿಡಿಯುವುದಿಲ್ಲ. ಕಾಳಿನೊಳಗಿನ ತುಸು ತೇವ ಆವಿಯಾಗಿ ಸಿಪ್ಪೆ ಒಡೆದು ಹೊರಬರುವಾಗಿನ ಸದ್ದೇ ಆ ಚಟಪಟ. ಅದು ಜೋರಾಗಿ, ಇನ್ನೇನು ಇಳಿಯಿತು ಎನ್ನುವಾಗ ಒಣಮೆಣಸಿನಕಾಯಿ, ಇಂಗು, ಕರಿಬೇವು ಬೀಳಬೇಕು. ತಡವಾದರೆ ಸಾಸಿವೆ ಸೀದು ಕಹಿಯಾಗುತ್ತದೆ. ಇಂಗಿನ ಹಸಿ ಘಾಟು ಬಿಸಿ ಎಣ್ಣೆಯಲ್ಲಿ ಮೃದುವಾಗುತ್ತದೆ. ಇವುಗಳ ಪರಿಮಳ ನೀರಿಗಿಂತ ಎಣ್ಣೆಗೆ ಚೆನ್ನಾಗಿ ಇಳಿಯುವುದರಿಂದಲೇ ಒಗ್ಗರಣೆಯನ್ನು ಬೇರೆಯಾಗಿ ಕಾಯಿಸಿ ಸಾರಿಗೆ ಹಾಕುವುದು. ಕಿವಿಗೂ ಮೂಗಿಗೂ ಇಷ್ಟು ಗುರುತು ಸಿಕ್ಕಿತೆಂದರೆ ಚಮಚದ ಲೆಕ್ಕ ತಾನಾಗಿ ಬಿಟ್ಟುಹೋಗುತ್ತದೆ. ಅಡುಗೆಯ ಖುಷಿ ಶುರುವಾಗುವುದು ಅಲ್ಲಿ, ನಮ್ಮ ಅಂದಾಜನ್ನು ನಾವೇ ನಂಬತೊಡಗಿದಾಗ. ಅದೇ ಬೇಳೆಗೆ ತರಕಾರಿ ಸೇರಿಸಿ, ಕಾಯಿ ಮಸಾಲೆ ರುಬ್ಬಿ ಹಾಕಿದರೆ ಹುಳಿ. ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿದರೆ ಬಸ್ಸಾರು, ಉಳಿದದ್ದು ಪಲ್ಯ. ಒಬ್ಬಟ್ಟಿನ ದಿನ ಬೇಳೆಯ ಕಟ್ಟು ಬಸಿದಿಟ್ಟರೆ ಒಬ್ಬಟ್ಟಿನ ಸಾರು. ಒಂದು ಕೈಗೆ ಹತ್ತಿದರೆ ಉಳಿದವುಗಳ ದಾರಿ ಕಾಣುತ್ತದೆ.

ಕನ್ನಡದಲ್ಲಿ ಅಡುಗೆಯನ್ನು ವಿದ್ಯೆಯೆಂದು ಬಗೆದವರು ಹಳಬರೇ. ಇಮ್ಮಡಿ ಚಾವುಂಡರಾಯ 1025ರ ಸುಮಾರಿನಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ವೈದ್ಯ, ಅಂತರ್ಜಲದ ವಿಚಾರಗಳ ಜೊತೆಗೆ ಅಡುಗೆಯೂ ಇದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂದು ಇಡೀ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದ.

ಬರೆದವರಿಬ್ಬರೂ ಗಂಡಸರು. ಮನೆಗಳಲ್ಲಿ ದಿನವೂ ಒಲೆಯ ಮುಂದೆ ಬೆವರಿದವರು ಹೆಂಗಸರು. ಮೂರು ಹೊತ್ತೂ ಒಬ್ಬಳೇ ಬೇಯಿಸಬೇಕಾದವಳಿಗೆ ಅಡುಗೆಯಲ್ಲಿ ಸಂತೋಷ ಕಂಡುಕೋ ಎಂದು ಹೇಳುವುದು ಅನ್ಯಾಯ. ಬೇಡವೆನಿಸಿದ ದಿನ ಬಿಡುವು ಸಿಗಬೇಕು, ಕಾಯಿ ತುರಿಯಲು, ಪಾತ್ರೆ ತೊಳೆಯಲು ಇನ್ನೊಂದು ಕೈ ಜೊತೆಗಿರಬೇಕು. ಮಗಳಿಗೆ ಒಗ್ಗರಣೆ ಕಲಿಸುವಾಗ ದಯವಿಟ್ಟು ಮಗನನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.